ಬೋರ್ಡಿನ ಕಟ್ಟಕಡೆಯ ಹೆಸರು: ಭೋಸರಿ ವರ್ಕ್‌ಶಾಪ್ ಒಂದರ ಹೊಗಳಿಕೆ ಪ್ರಕರಣ

ಇದು ಪುಣೆಯ ಭೋಸರಿ ಎಂಐಡಿಸಿ, ಅಂದ್ರೆ ಸರ್ಕಾರಿ ಕೈಗಾರಿಕಾ ಪ್ರದೇಶದ, ಒಂದು ಮಷೀನ್ ಶಾಪಿನಲ್ಲಿ ನಡೆದದ್ದು. ಯಾರ ಹೆಸರೂ ಹಾಕಿಲ್ಲ, ಊರುಗಳನ್ನ ಬದಲಾಯಿಸಿದೀನಿ. ಮಾಲೀಕರು ಓದಿ ಒಪ್ಪಿದ್ದಾರೆ, ಆದ್ರೆ ರಿಜೆಕ್ಷನ್ (ಕೆಟ್ಟು ತಿರಸ್ಕಾರವಾದ ಪೀಸುಗಳ) ಅಂಕಿ ಮತ್ತೆ ಗಿರಾಕಿ ಕಂಪನಿ ಹೆಸರು ಎಲ್ಲೂ ಬರಬಾರದು ಅಂದಿದ್ದಾರೆ, ಹಾಗಾಗಿ ಬಂದಿಲ್ಲ. ನನ್ನ ಕೆಲಸ ಸಣ್ಣ ವರ್ಕ್‌ಶಾಪ್‌ಗಳಿಗೆ ಕ್ವಾಲಿಟಿ ವ್ಯವಸ್ಥೆ ಹೊಂದಿಸಿಕೊಡೋದು. ಇಲ್ಲಿಗೆ ನನ್ನ ಕರೆದಿದ್ದು ಗಿರಾಕಿಯಿಂದ ಕಂಪ್ಲೇಂಟ್ ಬಂದ ಮೇಲೆ. ಅದಕ್ಕಿಂತ ಮುಂಚಿನದೆಲ್ಲ ಅಲ್ಲಿನ ಜನ ಹೇಳಿದ್ದು, ರಿಜಿಸ್ಟರ್‌ನಲ್ಲಿ ಬರೆದಿದ್ದು ಮತ್ತೆ ಅವರ ವಾಟ್ಸಾಪ್ ಗ್ರೂಪನ್ನ ಹಿಂದಕ್ಕೆ ಸರಿಸ್ತಾ ಸರಿಸ್ತಾ ಓದಿದ್ದು.

ಹಿನ್ನೆಲೆ

ಸುಮಾರು ಅರವತ್ತು ಜನ, ಎರಡು ಶಿಫ್ಟು, ಪುಣೆಯ ಬಹಳಷ್ಟು ಕಾರ್ಖಾನೆಗಳ ಹಾಗೆ ಗುರುವಾರ ರಜೆ. ಅಲ್ಯೂಮಿನಿಯಂ ಹೌಸಿಂಗ್‌ಗಳನ್ನ (ಬೇರಿಂಗ್ ಕೂರೋ ಕವಚ) ವಿಎಂಸಿ (ಕಂಪ್ಯೂಟರ್ ಪ್ರೋಗ್ರಾಂ ಮೇಲೆ ಲೋಹ ಕೊರೆಯೋ ಮಷೀನ್) ಮೇಲೆ ಮಷೀನಿಂಗ್ ಮಾಡಿ ಗಾಡಿ ಕಂಪನಿಗಳಿಗೆ ಮಾಲು ಕೊಡೋರಿಗೆ ಕೊಡ್ತಾರೆ. ಮಾಲೀಕರು ಬೆಳಗಾವಿ ಕಡೆಯವರು, ಹರೆಯದಲ್ಲಿ ಪುಣೆಗೆ ಬಂದು ದೊಡ್ಡ ಕಂಪನಿಯೊಂದರ ಟೂಲ್ ರೂಮಿನಲ್ಲಿ ಕೆಲಸ ಮಾಡಿ, ಆಮೇಲೆ ಒಂದು ಸೆಕೆಂಡ್ ಹ್ಯಾಂಡ್ ಲೇಥ್ ಇಟ್ಟುಕೊಂಡು ಶುರು ಮಾಡಿದವರು. ಕೆಲಸಗಾರರಲ್ಲಿ ಅರ್ಧಕ್ಕರ್ಧ ವಿಜಯಪುರ, ಕಲಬುರಗಿ, ಬೀದರ್ ಕಡೆಯ ಹುಡುಗರು, ಉಳಿದವರು ಲಾತೂರು, ನಾಂದೇಡ್, ಸೊಲ್ಲಾಪುರ, ಒಂದಷ್ಟು ಬಿಹಾರ. ಫೈನಲ್ ಇನ್ಸ್‌ಪೆಕ್ಷನ್ ಟೇಬಲ್ ಮೇಲೆ ಮೂವರು ಹೆಣ್ಣುಮಕ್ಕಳು, ಎಲ್ಲರೂ ಅವರನ್ನ ಅಕ್ಕಾರು ಅಂತಾರೆ. ಸೆಟ್ಟರ್ (ಕೆಲಸಕ್ಕೆ ಮಷೀನ್ ಹೊಂದಿಸಿಕೊಡೋರು) ಒಬ್ಬರಿದ್ದಾರೆ, ಐವತ್ತು ದಾಟಿದೆ, ಇಂಡಿ ತಾಲೂಕಿನವರು, ಮಾಲೀಕರನ್ನೂ ಸೇರಿಸಿ ಇಡೀ ಶಾಪು ಅವರನ್ನ ಕಾಕಾ ಅಂತಾನೇ ಕರೆಯೋದು.

ಮಾಲೀಕರು ಯಾರನ್ನೂ ಹೊಗಳ್ತಿರಲಿಲ್ಲ. ಕೆಟ್ಟ ಮನುಷ್ಯ ಅಲ್ಲ. ತಂಗಿ ಮದುವೆ ಅಂದ್ರೆ ಅಡ್ವಾನ್ಸ್ ಕೊಡ್ತಾರೆ, ಆಸ್ಪತ್ರೆ ಬಿಲ್ಲು ಕಟ್ಟಿದ ಉದಾಹರಣೆಗಳಿವೆ, ಆದ್ರೆ ಬಾಯಿಂದ ಒಂದು ಒಳ್ಳೇ ಮಾತು ಹೊರಗೆ ಬರಲ್ಲ. "ಹೊಗಳಿದ್ರ ತಲಿ ಮ್ಯಾಲ ಕುಂದರ್ತಾರ್ರಿ, ಪಗಾರ ಕೊಡ್ತೀನಲ್ಲ, ಅದ ಶಾಬಾಶ್ಕಿ" ಅಂತ ನನ್ನ ಮುಂದೇನೇ ಹೇಳಿದ್ರು. ಕೆಲಸಗಾರರಿಗೂ ಅದು ಅಭ್ಯಾಸ ಆಗಿತ್ತು, ಸಾಹೇಬ್ರು ಸುಮ್ಮನಿದ್ರು ಅಂದ್ರೆ ಕೆಲಸ ಬರೋಬ್ಬರಿ ಆಗಿದೆ ಅಂತ ಲೆಕ್ಕ. ನಮ್ಮಲ್ಲಿ ಎಷ್ಟು ಮನೆ ಹೀಗಿಲ್ಲ ಹೇಳಿ? ಮಗ ಫಸ್ಟ್ ಕ್ಲಾಸ್ ಬಂದ್ರೆ ಅಪ್ಪ ಪಕ್ಕದ ಮನೆಯವರ ಹತ್ರ ಅರ್ಧ ಗಂಟೆ ಹೇಳ್ತಾನೆ, ಮಗನ ಎದುರಿಗೆ ಮಾತ್ರ "ಗಣಿತದಾಗ ಯಾಕ್ ಕಡಿಮಿ ಬಿತ್ತು" ಅಂತಾನೆ.

ಮಾಲೀಕರ ತಲೆನೋವು ಬೇರೆ ಇತ್ತು. ಆರು ತಿಂಗಳು ಕಲಿಸಿ ತಯಾರು ಮಾಡಿದ ಹುಡುಗರು ಚಾಕಣದ ದೊಡ್ಡ ಕಂಪನಿಗಳಿಗೆ ಹೋಗಿಬಿಡ್ತಿದ್ರು. ಕೇಳಿದ್ರೆ ಪಗಾರ ಅಂತಿದ್ರು. ಕಾಕಾ ಮಾತ್ರ ಬೇರೆ ಹೇಳ್ತಿದ್ರು: "ಪಗಾರಾನೂ ಹೌದ್ರಿ. ಆದ್ರ ಇಲ್ಲಿ ನಾವು ಇದ್ರೂ ಅಷ್ಟ, ಇಲ್ಲಂದ್ರೂ ಅಷ್ಟ ಅನಸ್ತೈತಿ ಹುಡುಗರಿಗೆ."

ಹೊಸ ಮ್ಯಾನೇಜರ್ ಬಂದ

ಈ ಹೊತ್ತಿಗೆ ಪ್ರೊಡಕ್ಷನ್ ಮ್ಯಾನೇಜರ್ ಆಗಿ ಹುಬ್ಬಳ್ಳಿ ಕಡೆಯ ಒಬ್ಬ ಇಂಜಿನಿಯರ್ ಸೇರಿಕೊಂಡ, ಮೂವತ್ತರ ಒಳಗಿನ ವಯಸ್ಸು, ಹಿಂದಿನ ಕಂಪನಿಯಲ್ಲಿ ಲೀಡರ್‌ಶಿಪ್ ಟ್ರೈನಿಂಗ್ ಮಾಡಿಕೊಂಡು ಬಂದವನು. ಬಂದು ಕೆಲವೇ ದಿನದಲ್ಲಿ ದಿನಾ ಬೆಳಗ್ಗೆ ಶಿಫ್ಟ್ ಮೀಟಿಂಗ್ ಶುರು ಮಾಡಿದ, ಅದರಲ್ಲಿ ಎಲ್ಲರಿಗೂ "ಗುಡ್ ಜಾಬ್, ಭಾರಿ ಕೆಲಸ ಮಾಡಾಕತ್ತೀರಿ", ವಾಟ್ಸಾಪ್ ಗ್ರೂಪಿನಲ್ಲಿ ಹೆಬ್ಬೆರಳು, ಚಪ್ಪಾಳೆ, ನಕ್ಷತ್ರ. ಆಮೇಲೆ ಗೇಟಿನ ಪಕ್ಕ ಒಂದು ಬೋರ್ಡು: ತಿಂಗಳ ಸ್ಟಾರ್ ಆಪರೇಟರ್, ಫೋಟೋ ಸಮೇತ, ಒಂದು ಸಾವಿರ ರೂಪಾಯಿ ಬಹುಮಾನ. ಅದರ ಕೆಳಗೆ ಉಳಿದ ಆಪರೇಟರ್‌ಗಳ ಹೆಸರು ಪೀಸಿನ ಲೆಕ್ಕದ ಪ್ರಕಾರ ಮೇಲಿಂದ ಕೆಳಕ್ಕೆ. ಸ್ಟಾರ್ ಆಗಬೇಕಾದ್ರೆ ಎರಡೇ ಕಂಡೀಷನ್, ಅತಿ ಹೆಚ್ಚು ಪೀಸು ಮತ್ತು ತಿಂಗಳಲ್ಲಿ ಒಂದೂ ರಜೆ ಇಲ್ಲ.

ಈ ಮ್ಯಾನೇಜರನ್ನ ದಡ್ಡ ಅಂತ ತಳ್ಳಿಹಾಕೋದು ಸುಲಭ, ನಾನು ಹಾಕಲ್ಲ. ಅವನು ಅರವತ್ತೂ ಜನರ ಹೆಸರು ಕಲಿತ, ಯಾರದು ಯಾವ ಊರು ಅಂತ ಕೇಳಿ ತಿಳಕೊಂಡ, ಅಲ್ಲಿ ತನಕ ಅಲ್ಲಿ ಯಾರೂ ಅದನ್ನ ಮಾಡಿರಲಿಲ್ಲ. ಮೊದಲ ಎರಡು ತಿಂಗಳು ಪ್ರೊಡಕ್ಷನ್ ಏರಿತು. ಅವನ ನಂಬಿಕೆಗೆ ಆಧಾರಾನೂ ಇದೆ. 2016ರಲ್ಲಿ ಮ್ಯಾನೇಜ್‌ಮೆಂಟ್ ಸೈನ್ಸ್ ಪತ್ರಿಕೆಯಲ್ಲಿ ಬ್ರಾಡ್ಲರ್ ಮತ್ತು ಜೊತೆಯವರ ಒಂದು ಪ್ರಯೋಗ ಬಂದಿದೆ, ಡೇಟಾ ಎಂಟ್ರಿ ಮಾಡೋರಿಗೆ ಮಧ್ಯದಲ್ಲಿ ಒಂದು ಥ್ಯಾಂಕ್ಯೂ ಕಾರ್ಡ್ ಕೊಟ್ರೆ ಕೆಲಸ ಹೆಚ್ಚಾಯ್ತು, ಅದೂ ಗುಂಪಿನಲ್ಲಿ ಮೇಲಿನ ಮೂವರಿಗೆ ಮಾತ್ರ ಕೊಟ್ಟಾಗ ಇನ್ನೂ ಹೆಚ್ಚಾಯ್ತು, ಮತ್ತೆ ಆ ಹೆಚ್ಚಳ ಬಂದಿದ್ದು ಮುಖ್ಯವಾಗಿ ಕಾರ್ಡ್ ಸಿಗದೇ ಇದ್ದವರಿಂದ. ಆದ್ರೆ ಅದು ಮೂರು ಗಂಟೆಯ ಕೆಲಸ, ಮುಗಿಸಿ ಅವರವರ ಮನೆಗೆ ಹೋದ್ರು. ಇಲ್ಲಿ ಲಾಂಡೇವಾಡಿಯ ಒಂದೇ ಖೋಲಿಯಲ್ಲಿ ಐದು ಜನ ಇರ್ತಾರೆ, ಒಂದೇ ತವಾದ ಮೇಲೆ ರೊಟ್ಟಿ, ಅವರಲ್ಲಿ ಒಬ್ಬನ ಫೋಟೋ ಗೇಟಿನಲ್ಲಿ.

ಎಲ್ಲಿ ಕೆಡ್ತಾ ಬಂತು

ಮೊದಲು ಸವೆದಿದ್ದು ಬೆಳಗಿನ ಗುಡ್ ಜಾಬ್. ನಿನ್ನೆ ರಾತ್ರಿ ಪಾಳಿಯಲ್ಲಿ ಟೂಲ್ ಮುರಿದವನಿಗೂ ಗುಡ್ ಜಾಬ್, ಮುರಿದ ಟೂಲಿನ ಜಾಗದಲ್ಲಿ ಬೇರೆ ಹೊಂದಿಸಿ ಲಾಟ್ (ಒಂದು ಕಂತಿನ ಮಾಲು) ಉಳಿಸಿದವನಿಗೂ ಅದೇ ಗುಡ್ ಜಾಬ್. ಇದಕ್ಕಿಂತ ಕೆಟ್ಟದ್ದು ಇನ್ನೊಂದು. ಮ್ಯಾನೇಜರ್ ಯಾರ ಹೆಗಲ ಮೇಲಾದ್ರೂ ಕೈ ಹಾಕಿ "ನಿನ್ನಂಥಾ ಆಪರೇಟರ್ ಇಡೀ ಭೋಸರಿಯಾಗ ಇಲ್ಲ ನೋಡು" ಅಂದ ಅಂದ್ರೆ ಮುಂದಿನ ವಾಕ್ಯ "ಇವತ್ತ ಸೆಕೆಂಡ್ ಶಿಫ್ಟ್ ನಿಲ್ತೀಯೇನ?" ಅಂತಿರ್ತಿತ್ತು. ಸ್ವಲ್ಪ ದಿನಕ್ಕೆ ಹುಡುಗರಲ್ಲಿ ಒಂದು ಜೋಕೇ ಹುಟ್ಟಿಕೊಂಡಿತ್ತು, ಶಾಬಾಶ್ ಬಂತು ಅಂದ್ರೆ ಓಟಿ (ಓವರ್‌ಟೈಮ್) ಬಂತು. ಅವನು ನಗ್ತಾ ಹತ್ತಿರ ಬರ್ತಿದ್ದ ಹಾಗೆ ಒಬ್ಬೊಬ್ಬರು ಸಂಡಾಸಿನ ಕಡೆ ಜಾರಿಕೊಳ್ತಿದ್ರು. ಓಟಿಗೆ ಆಗ ಜಾರಿಯಲ್ಲಿದ್ದ 1948ರ ಫ್ಯಾಕ್ಟರಿ ಕಾಯ್ದೆಯ 59ನೇ ಕಲಮಿನ ಪ್ರಕಾರ ದುಪ್ಪಟ್ಟು ಕೊಡಬೇಕು, ಇಲ್ಲಿ ಸಿಂಗಲ್ ರೇಟು ನಡೀತಿತ್ತು. ಅದು ಎಲ್ಲರಿಗೂ ಗೊತ್ತಿತ್ತು, ಹಾಗಾಗಿ ಹೊಗಳಿಕೆ ಉಳಿದ ಅರ್ಧ ದುಡ್ಡಿನ ಬದಲಿಗೆ ಅಂತಾನೇ ಅವರ ಕಿವಿಗೆ ಕೇಳಿಸ್ತಿತ್ತು, ಹಾಗೆ ಕೇಳಿಸಿಕೊಂಡಿದ್ದರಲ್ಲಿ ತಪ್ಪೂ ಇರಲಿಲ್ಲ.

ಎರಡನೇದು ಐಟಿಐ ಮುಗಿಸಿ ಅಪ್ರೆಂಟಿಸ್ ಆಗಿ ಬಂದ ಒಬ್ಬ ಹುಡುಗ. ಚುರುಕು, ಬಂದ ವಾರದಲ್ಲೇ ಪ್ರೋಗ್ರಾಂ ಓದೋಕೆ ಕಲಿತ. ಮ್ಯಾನೇಜರ್ ಮೀಟಿಂಗಿನಲ್ಲಿ ಎಲ್ಲರ ಮುಂದೆ ನಿಲ್ಲಿಸಿ "ಇವ ಭಾರಿ ಶಾಣ್ಯಾ, ಹುಟ್ಟಾ ಟ್ಯಾಲೆಂಟ್" ಅಂದ. ಅಲ್ಲಿ ತನಕ ದಿನಕ್ಕೆ ಹತ್ತು ಸಲ ಕಾಕಾನ ಹತ್ರ ಹೋಗಿ ಇದ್ಯಾಕೆ ಅದ್ಯಾಕೆ ಅಂತ ಕೇಳ್ತಿದ್ದವನು ಆವತ್ತಿನಿಂದ ಕೇಳೋದು ಬಿಟ್ಟ. ಕೇಳಿದ್ರೆ ಶಾಣ್ಯಾ ಅಲ್ಲ ಅಂತ ಆಗತ್ತಲ್ಲ. ಕೊನೆಗೆ ಒಂದು ರಾತ್ರಿ ಪಾಳಿಯಲ್ಲಿ ಟೂಲ್ ಆಫ್‌ಸೆಟ್‌ನಲ್ಲಿ (ಟೂಲು ಎಲ್ಲಿ ತನಕ ಹೋಗಬೇಕು ಅಂತ ಮಷೀನಿಗೆ ಕೊಡೋ ಅಳತೆ) ಸಂಶಯ ಬಂದ್ರೂ ಯಾರನ್ನೂ ಕೇಳದೆ ಅಂದಾಜಲ್ಲಿ ಹಾಕಿ ಸೈಕಲ್ ಸ್ಟಾರ್ಟ್ ಒತ್ತಿದ, ಟೂಲು ನೇರ ಪೀಸ್ ಹಿಡಿಯೋ ಫಿಕ್ಸ್ಚರಿಗೆ ಗುದ್ದಿತು. ಮ್ಯುಲ್ಲರ್ ಮತ್ತು ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಐದನೇ ತರಗತಿ ಮಕ್ಕಳಲ್ಲಿ ನೋಡಿದ್ದು ಹೆಚ್ಚು ಕಡಿಮೆ ಇದೇ: ನೀನು ಬುದ್ಧಿವಂತ ಅಂತ ಹೊಗಳಿಸಿಕೊಂಡ ಮಕ್ಕಳು ಆಮೇಲೆ ಕಷ್ಟದ ಒಗಟು ಸಿಕ್ಕಾಗ ಬೇಗ ಕೈಬಿಟ್ರು, ಸುಲಭದ್ದೇ ಬೇಕು ಅಂದ್ರು, ಚೆನ್ನಾಗಿ ಶ್ರಮಪಟ್ಟೆ ಅಂತ ಕೇಳಿಸಿಕೊಂಡವರು ಗಟ್ಟಿಯಾಗಿ ಅಂಟಿಕೊಂಡ್ರು. ಭೋಸರಿಯಲ್ಲಿ ಅದರ ಬೆಲೆ, ಟೂಲ್ ತಿರುಗಿಸೋ ಸ್ಪಿಂಡಲ್ಲಿನ ರಿಪೇರಿ.

ಮೂರನೇದು ಬೋರ್ಡು. ಒಬ್ಬನೇ ಹುಡುಗ ಮೇಲಿಂದ ಮೇಲೆ ಸ್ಟಾರ್ ಆದ. ಕೆಲಸಗಾರ ಒಳ್ಳೆಯವನೇ, ಕೈ ವೇಗ. ಉಳಿದವರು ಅವನಿಗೆ "ಸ್ಟಾರ್ ಸಾಹೇಬ್ರು" ಅಂತ ಹೆಸರಿಟ್ಟು, ಒಳ್ಳೇ ಇನ್ಸರ್ಟುಗಳನ್ನ (ಟೂಲಿನ ತುದಿಗೆ ಹಾಕೋ ಕತ್ತರಿಸೋ ಚೂರು) ಅವನ ಕೈಗೆ ಸಿಗದ ಹಾಗೆ ತಮ್ಮ ಡ್ರಾಯರಿನಲ್ಲಿ ಮುಚ್ಚಿಡೋಕೆ ಶುರು ಮಾಡಿದ್ರು. ರಜೆ ವಿಷಯದಲ್ಲಿ ಇನ್ನೂ ವಿಚಿತ್ರ ಆಯ್ತು. ತಿಂಗಳ ಮೊದಲ ವಾರದಲ್ಲೇ ಒಂದು ರಜೆ ಬಿದ್ದವನು ಹೆಂಗೂ ಸ್ಟಾರ್ ಹೋಯ್ತಲ್ಲ ಅಂತ ಇನ್ನೆರಡು ಹಾಕಿ ಊರಿಗೆ ಹೋಗಿ ಬರ್ತಿದ್ದ. ಯಾವತ್ತೂ ತಪ್ಪಿಸದೇ ಬರ್ತಿದ್ದವರು ಕೂಡ, ಇಷ್ಟು ವರ್ಷ ನಾವು ಬಂದಿದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲವೇನು ಅಂತ ಗೊಣಗೋಕೆ ಶುರು ಮಾಡಿದ್ರು. ಇಂಥದ್ದೇ ಒಂದು ಅಮೆರಿಕದ ದೊಡ್ಡ ಲಾಂಡ್ರಿ ಘಟಕದಲ್ಲಿ ಆಗಿದ್ದನ್ನ ಗ್ಯುಬ್ಲರ್, ಲಾರ್ಕಿನ್, ಪಿಯರ್ಸ್ ಅನ್ನೋ ಮೂವರು 2016ರಲ್ಲಿ ಬರೆದಿದ್ದಾರೆ: ಹಾಜರಿಗೆ ಬಹುಮಾನ ಇಟ್ರೆ ಜನ ಆ ನಿಯಮದ ಸುತ್ತ ಆಟ ಆಡಿದ್ರು, ಮುಂಚಿನಿಂದ ತಾವಾಗೇ ಸಮಯಕ್ಕೆ ಬರ್ತಿದ್ದವರ ಕೆಲಸ ಇಳೀತು.

ಕಾಕಾನ ಹೆಸರು ಬೋರ್ಡಿನಲ್ಲಿ ಬರೋ ಪ್ರಶ್ನೆಯೇ ಇರಲಿಲ್ಲ, ಅವರು ಪೀಸ್ ತೆಗೆಯಲ್ಲ, ಬೇರೆಯವರ ಮಷೀನ್ ಸೆಟ್ ಮಾಡಿಕೊಡ್ತಾರೆ. ಅಕ್ಕಾರದ್ದು ಇನ್ನೂ ಫಜೀತಿ. ಅವರ ಕೆಲಸವೇ ಕೆಟ್ಟ ಪೀಸ್ ಹಿಡಿಯೋದು, ಅವರು ಹಿಡಿದಷ್ಟೂ ಯಾರದೋ ಲೆಕ್ಕ ಕಡಿಮೆ ಆಗತ್ತೆ, ಹಾಗಾಗಿ ಬೋರ್ಡು ಬಂದ ಮೇಲೆ ಅವರ ಟೇಬಲ್ ಹತ್ರ ಯಾರೂ ಚಹಾ ಕುಡಿಯೋಕೂ ನಿಲ್ತಿರಲಿಲ್ಲ.

ಕಂಪ್ಲೇಂಟ್

ಒಂದು ದಿನ ಗಿರಾಕಿಯಿಂದ ಫೋನ್ ಬಂತು, ಹೌಸಿಂಗಿನ ಬೋರ್ (ಒಳಗಿನ ದುಂಡು ತೂತು) ಸಣ್ಣ ಇದೆ, ಬೇರಿಂಗ್ ಕೂರ್ತಿಲ್ಲ, ಜನ ಕಳಿಸಿ ಪೂರ್ತಿ ಲಾಟ್ ಸಾರ್ಟಿಂಗ್ ಮಾಡಿಕೊಡಿ ಅಂತ. ಮಾಲೀಕರು, ಮ್ಯಾನೇಜರ್, ಕಾಕಾ ಎಲ್ಲ ಅಲ್ಲಿ ಹೋಗಿ ಪೀಸ್ ಅಳೆಯುತ್ತಾ ಕೂತ್ರು.

ಸ್ವಲ್ಪ ತಾಂತ್ರಿಕ ವಿಷಯ ಹೇಳಲೇಬೇಕು, ಇಡೀ ಪ್ರಕರಣ ಇದರ ಮೇಲೇ ನಿಂತಿದೆ. ಬೋರ್ 52 ಎಂಎಂ, ಎಚ್7 ಟಾಲರೆನ್ಸ್, ಅಂದ್ರೆ ಆಡೋಕೆ ಇರೋ ಜಾಗ ಒಟ್ಟು 30 ಮೈಕ್ರಾನ್ (ಒಂದು ಎಂಎಂ ಅಂದ್ರೆ ಸಾವಿರ ಮೈಕ್ರಾನ್). ಅಲ್ಯೂಮಿನಿಯಂ ಒಂದು ಡಿಗ್ರಿ ಬಿಸಿಗೆ ಮೀಟರಿಗೆ ಸುಮಾರು 23 ಮೈಕ್ರಾನ್ ಹಿಗ್ಗತ್ತೆ. ಈ ಲೆಕ್ಕದಲ್ಲಿ ಪೀಸು 15 ಡಿಗ್ರಿ ಹೆಚ್ಚು ಬಿಸಿ ಇದ್ರೆ ಬೋರ್ ಸುಮಾರು 18 ಮೈಕ್ರಾನ್ ದೊಡ್ಡದಾಗಿ ಕಾಣತ್ತೆ, ಅಂದ್ರೆ ಇರೋ ಜಾಗದ ಅರ್ಧಕ್ಕಿಂತ ಹೆಚ್ಚು. ಮಷೀನಿಂದ ತೆಗೆದ ತಕ್ಷಣ ಬಿಸಿಬಿಸಿ ಅಳೆದ್ರೆ ಸೈಜ್ ಓಕೆ, ತಣ್ಣಗಾದ ಮೇಲೆ ಕುಗ್ಗಿ ಸಣ್ಣ. ಹಳೇ ಪದ್ಧತಿಯಲ್ಲಿ ಪೀಸನ್ನ ಸ್ವಲ್ಪ ಹೊತ್ತು ಬಾಜೂಕ್ಕೆ ಇಟ್ಟು ಅಳೀತಿದ್ರು. ಲೆಕ್ಕದ ಬೋರ್ಡು ಬಂದ ಮೇಲೆ ಆ ಪುರುಸೊತ್ತು ಯಾರಿಗಿತ್ತು? ಬಿಸಿ ಇದ್ದಾಗಲೇ ಅಳೆದು ಟ್ರೇಗೆ ಹಾಕೋದು, ಮುಂದಿನ ಪೀಸ್ ಹಾಕೋದು. ಮೇ ತಿಂಗಳು ಬೇರೆ, ಶೆಡ್ಡಿನ ತಗಡು ಕಾದು ಒಳಗೆ ಧಗೆ.

ನಾನು ಹೋದಾಗ ಮೊದಲು ಕೇಳಿದ್ದು ಮಷೀನ್ ನಿಂತ ಸಮಯದ ರಿಜಿಸ್ಟರ್. ಆ ಲಾಟಿನ ದಿನಗಳಲ್ಲಿ ಮೂರನೇ ಮಷೀನ್ ಒಂದು ಮಧ್ಯಾಹ್ನ ಮುಕ್ಕಾಲು ಗಂಟೆ ನಿಂತಿತ್ತು, ಕಾರಣದ ಕಾಲಮ್ಮಿನಲ್ಲಿ ಸೂಪರ್‌ವೈಸರ್ ಬರೆದಿದ್ದು "ಆಪರೇಟರ್ ಡಿಲೇ". ಆ ಆಪರೇಟರ್ ಸಿಂದಗಿ ಕಡೆಯ ಹುಡುಗ, ಬಾಯಿ ಕಡಿಮೆ. ಯಾಕೆ ನಿಲ್ಲಿಸಿದ್ದೆಯಪ್ಪ ಅಂತ ಕೇಳಿದ್ದಕ್ಕೆ ಮೊದಲು ಮ್ಯಾನೇಜರ್ ಮುಖ ನೋಡಿದ, ಆಮೇಲೆ ಹೇಳಿದ: "ಊಟಕ್ಕ ಹೋಗೂ ಮುಂದ ಎರಡ ಪೀಸ್ ಬಾಜೂಕ ಇಟ್ಟಿದ್ನಿರಿ. ಬಂದು ಅಳದ್ನಿ, ಸಣ್ಣ ಬಂತು. ಮತ್ತ ಅಳದ್ನಿ, ಹಂಗ ಬಂತು. ಅದಕ್ಕ ಬಂದ್ ಮಾಡಿ ಸೂಪರ್‌ವೈಸರ್ ಸಾಹೇಬ್ರಿಗೆ ಹೇಳಿದ್ನಿ. ಅವರು ಟಾರ್ಗೆಟ್ ಯಾರ್ ಮುಗಸ್ತಾರ, ಚಾಲೂ ಮಾಡು ಅಂದ್ರು." ತನ್ನ ಮಷೀನಿನ ಆಫ್‌ಸೆಟ್ ಮಾತ್ರ ತಾನೇ ಸರಿ ಮಾಡಿಕೊಂಡು ಚಾಲೂ ಮಾಡಿದ್ದ. ವಾಪಸ್ ಬಂದ ಸಣ್ಣ ಪೀಸುಗಳಲ್ಲಿ ಮೂರನೇ ಮಷೀನಿನವು ಬಹಳ ಕಡಿಮೆ.

ಆ ತಿಂಗಳು ಗೇಟಿನ ಬೋರ್ಡಿನಲ್ಲಿ ಕಟ್ಟಕಡೆಯ ಹೆಸರು ಅವನದ್ದು. ಮಾಲೀಕರು ಎದ್ದು ಹೋಗಿ ಬೋರ್ಡ್ ನೋಡಿ ಬಂದ್ರು, ಬಂದು ಸುಮಾರು ಹೊತ್ತು ಮಾತಾಡಲಿಲ್ಲ. ಈ ಸಲ ಅವರು ಸುಮ್ಮನಿದ್ದಿದ್ದಕ್ಕೆ ಕೆಲಸ ಬರೋಬ್ಬರಿ ಆಗಿದೆ ಅನ್ನೋ ಅರ್ಥ ಇರಲಿಲ್ಲ.

ನಿರ್ಧಾರಗಳು

ಮಾಲೀಕರಿಗೆ ಮೊದಲು ಹೊಳೆದದ್ದು ಇವನನ್ನೇ ಈ ತಿಂಗಳ ಸ್ಟಾರ್ ಮಾಡಿಬಿಡೋಣ ಅಂತ. ನಾನು ಬೇಡ ಅಂದೆ. ಹಾಗೆ ಮಾಡಿದ್ರೆ ಉಳಿದ ಆಪರೇಟರ್‌ಗಳಿಗೆ ಅದು ಬೈಗುಳ ಆಗತ್ತೆ, ನಾಳೆಯಿಂದ ಖೋಲಿಯಲ್ಲಿ ಇವನ ಗತಿ ಏನು? ಅಲ್ದೆ ಅವನಿಗೆ ಆಗಿದ್ದು ಹೊಗಳಿಕೆ ಸಿಗಲಿಲ್ಲ ಅನ್ನೋ ಕೊರತೆ ಅಲ್ಲ, ಅನ್ಯಾಯ. ಸರಿಯಾದ ಕೆಲಸ ತಪ್ಪು ಅಂತ ಕಾಗದದ ಮೇಲೆ ದಾಖಲಾಗಿದೆ. ಮೊದಲು ಅದನ್ನ ಸರಿ ಮಾಡಬೇಕು.

ಮಾರನೇ ದಿನ ಮಾಲೀಕರು ರಿಜಿಸ್ಟರ್ ಹಿಡಕೊಂಡು ಮೂರನೇ ಮಷೀನಿನ ಹತ್ರ ಹೋದ್ರು. ಅವನ ಎದುರಿಗೇ "ಆಪರೇಟರ್ ಡಿಲೇ" ಹೊಡೆದು ಹಾಕಿ "ಸೈಜ್ ಸಂಶಯ, ನಿಲ್ಲಿಸಿದ್ದು ಸರಿ" ಅಂತ ತಮ್ಮ ಕೈಯಾರೆ ಬರೆದು ಸಹಿ ಹಾಕಿದ್ರು. ಆಮೇಲೆ "ಹೆಂಗ ಗೊತ್ತಾತು ನಿನಗ, ನನಗ ತೋರಸು" ಅಂದ್ರು. ಹುಡುಗ ಒಂದು ಬಿಸಿ ಪೀಸು, ಒಂದು ತಣ್ಣಗಿನ ಪೀಸು ಎರಡೂ ಅಳೆದು ತೋರಿಸಿದ. ಟೂಲ್ ರೂಮಿನಲ್ಲಿ ಬೆಳೆದ ಮನುಷ್ಯನಿಗೆ ಇದು ಗೊತ್ತಿಲ್ಲದ ವಿಷಯ ಏನಲ್ಲ, ಆದ್ರೂ ಪೂರ್ತಿ ಕೇಳಿದ್ರು. ಶಾಬಾಶ್ ಅನ್ನೋ ಮಾತು ಬರಲೇ ಇಲ್ಲ. ಕೊನೆಗೆ ಹುಡುಗ ಆ ಪುಟದ ಫೋಟೋ ತಕ್ಕೊಳ್ಳಲೇನ್ರಿ ಅಂತ ಕೇಳಿದ, ಶಾಪಿನಲ್ಲಿ ಮೊಬೈಲ್ ಅಲೌಡ್ ಇಲ್ಲ ಅಂತ ಮ್ಯಾನೇಜರ್ ಶುರು ಮಾಡಿದ, ಮಾಲೀಕರು ತಕ್ಕೋ ಅಂದ್ರು. ಈ ಪ್ರಕರಣದಲ್ಲಿ ನಾನು ನೋಡಿದ ಅತ್ಯಂತ ಒಳ್ಳೇ ಹೊಗಳಿಕೆ ಇದು.

ಎರಡನೇ ನಿರ್ಧಾರ ಓಟಿ. ದುಪ್ಪಟ್ಟು ಕೊಡೋಕೆ ಶುರು ಮಾಡದೇ ಹೊಗಳೋ ವಿಷಯ ಮಾತಾಡೋದು ವ್ಯರ್ಥ ಅಂತ ನಾನು ಹಟ ಹಿಡಿದೆ. ಮಾಲೀಕರು ನಾಲ್ಕು ದಿನ ಮುನಿಸಿಕೊಂಡ್ರು, ಆಮೇಲೆ ಒಪ್ಪಿದ್ರು, ಹಿಂದಿನ ಬಾಕಿಯನ್ನ ದಿವಾಳಿ ತನಕ ಕಂತಿನಲ್ಲಿ ಕೊಟ್ರು. ಹರ್ಜ್‌ಬರ್ಗ್ ಅನ್ನೋ ಮನಃಶಾಸ್ತ್ರಜ್ಞ 1959ರಲ್ಲೇ ಪಿಟ್ಸ್‌ಬರ್ಗಿನ ಸುಮಾರು ಇನ್ನೂರು ಇಂಜಿನಿಯರ್, ಅಕೌಂಟೆಂಟ್‌ಗಳನ್ನ ಕೇಳಿ ಹೇಳಿದ್ದು, ಪಗಾರ, ಕೆಲಸದ ಪರಿಸ್ಥಿತಿ ಇಂಥವು ಕೆಟ್ಟಾಗ ಹುಟ್ಟೋ ಬೇಸರ ಬೇರೆ, ಮನ್ನಣೆಯಿಂದ ಬರೋ ತೃಪ್ತಿ ಬೇರೆ, ಒಂದನ್ನ ಇನ್ನೊಂದರಿಂದ ಮುಚ್ಚೋಕಾಗಲ್ಲ. ಆ ಸಿದ್ಧಾಂತದ ಮೇಲೆ ಜಗಳ ಸಾಕಷ್ಟಿವೆ, ಆದ್ರೆ ಓಟಿ ವಿಷಯಕ್ಕೆ ಭೋಸರಿಯಲ್ಲಿ ಸಾಕಾಯ್ತು.

ಮ್ಯಾನೇಜರ್ ಜೊತೆ ಕೂತು ಮಾತಾಡಿದ್ದೇ ಬಹಳ ಹೊತ್ತು. ಅವನಿಗೆ ಬೇಜಾರಾಗಿತ್ತು, "ನಾ ಛಲೋ ಮಾಡಾಕ ಹೋದ್ನಿರಿ" ಅಂದ, ಹೌದು ಕೂಡ. ಹೊಗಳೋದು ಬಿಡಬೇಡ, ಆದ್ರೆ ಏನು ನೋಡಿದೆ ಅದನ್ನಷ್ಟೇ ಹೇಳು ಅಂದೆ. ನೀನು ಭಾರಿ ಆಪರೇಟರ್ ಅನ್ನೋ ಬದಲು ನಿನ್ನೆ ಚಿಪ್ಸ್ ಸಿಕ್ಕಿಕೊಂಡಾಗ ಮಷೀನ್ ನಿಲ್ಲಿಸಿ ತೆಗೆದೆಯಲ್ಲ, ಅದರಿಂದ ಫಿನಿಶ್ ಕೆಡಲಿಲ್ಲ ಅಂತ. ನೋಡದೇ ಇದ್ದ ದಿನ ಸುಮ್ಮನಿರು. ಮೀಟಿಂಗಿನಲ್ಲಿ ಬೇಡ, ಮಷೀನ್ ಪಕ್ಕ ಹೋಗಿ ಹೇಳು, ಎಲ್ಲರ ಮುಂದೆ ಅಂದ್ರೆ ಅರ್ಧ ಜನಕ್ಕೆ ಮುಜುಗರ. ಮತ್ತೆ ಹೊಗಳಿದ ದಿನ ಅದೇ ಮನುಷ್ಯನ ಹತ್ರ ಏನನ್ನೂ ಕೇಳಬೇಡ, ಓಟಿ ಬೇಕಿದ್ರೆ ನೇರವಾಗಿ ಓಟಿ ಅಂತ ಕೇಳು. ಈ ಕೊನೇದು ಅವನಿಗೆ ಬಹಳ ಕಷ್ಟ ಆಯ್ತು, ಯಾಕಂದ್ರೆ ಸಿಹಿ ಮಾತಾಡಿ ಆಮೇಲೆ ಕೆಲಸ ಹೇಳೋದು ಅವನಿಗೆ ಸ್ವಭಾವವೇ ಆಗಿಬಿಟ್ಟಿತ್ತು.

ಒಂದು ಉಪಾಯ ಪೂರ್ತಿ ಬಿದ್ದುಹೋಯ್ತು. ಮಾಲೀಕರಿಗೆ ಎಲ್ಲದಕ್ಕೂ ರಿಜಿಸ್ಟರ್ ಬೇಕು, ಹಾಗಾಗಿ ಪ್ರತಿ ಸೂಪರ್‌ವೈಸರ್ ದಿನಕ್ಕೊಂದು ಮೆಚ್ಚುಗೆ ಬರೀಬೇಕು ಅಂತ ಒಂದು ನೋಟ್‌ಬುಕ್ ಇಟ್ರು. ಎರಡನೇ ವಾರಕ್ಕೆ ಎಲ್ಲ ಪುಟದಲ್ಲೂ "ಹೌಸ್‌ಕೀಪಿಂಗ್ ಚೆನ್ನಾಗಿದೆ", ತಾರೀಖು ಮಾತ್ರ ಬೇರೆ. ಒಬ್ಬ ಸೂಪರ್‌ವೈಸರ್ ಭಾನುವಾರವೇ ಬುಧವಾರದ ತನಕ ಬರೆದಿಟ್ಟಿದ್ದ. ನೋಟ್‌ಬುಕ್ ಹೋಯ್ತು.

ಬೋರ್ಡೂ ಹೋಯ್ತು, ಅದನ್ನ ತೆಗೆದ ರೀತಿ ಮಾತ್ರ ಸರಿ ಆಗಲಿಲ್ಲ. ಒಂದು ಗುರುವಾರ ರಜೆಯ ದಿನ ಬಿಚ್ಚಿಟ್ರು, ಶುಕ್ರವಾರ ಬಂದವರಿಗೆ ಗೋಡೆ ಖಾಲಿ. ಸ್ಟಾರ್ ಹುಡುಗ ಮ್ಯಾನೇಜರ್ ಕ್ಯಾಬಿನ್ನಿಗೆ ಬಂದು ಕೇಳಿದ, "ನಾ ಏನ್ ತಪ್ಪ ಮಾಡೇನ್ರಿ? ನೀವ ಪೀಸ್ ತಗಿ ಅಂದ್ರಿ, ತಗದ್ನಿ." ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಬೋರ್ಡಿನ ಮುಂದೆ ನಿಂತ ಫೋಟೋ ಊರಿಗೆ ಕಳಿಸಿದ್ದ, ಮನೆಯಲ್ಲಿ ಫ್ರೇಮ್ ಹಾಕಿಸಿದ್ರು. ಮ್ಯಾನೇಜರ್ ಮುಜುಗರಕ್ಕೆ ಅವನ ಮಷೀನ್ ಕಡೆ ಹೋಗೋದನ್ನೇ ಬಿಟ್ಟ, ಮಾಲೀಕರು ಅದು ಮ್ಯಾನೇಜರ್ ಕೆಲಸ ಅಂದ್ರು. ಅವನ ಕೈವೇಗದ ಬಗ್ಗೆ, ಒಂದು ಪೀಸ್ ತೆಗೆದು ಇನ್ನೊಂದು ಕ್ಲ್ಯಾಂಪ್ ಮಾಡೋದರಲ್ಲಿ ಅವನು ಉಳಿಸ್ತಿದ್ದ ಸೆಕೆಂಡುಗಳ ಬಗ್ಗೆ ನಿಜವಾಗಿ ಹೇಳಬಹುದಾದ ಮಾತು ಬೇಕಾದಷ್ಟಿದ್ವು, ನಾಲ್ಕು ಜನಕ್ಕೆ ಕಲಿಸೋ ಹಾಗೆ ಅವನನ್ನ ಕೇಳಬಹುದಿತ್ತು. ಯಾರೂ ಕೇಳಲಿಲ್ಲ. ಎರಡು ತಿಂಗಳಿಗೆ ಚಾಕಣಕ್ಕೆ ಹೋದ. ಈ ಪ್ರಕರಣ ಓದೋ ಮ್ಯಾನೇಜರ್‌ಗಳು ಬೇರೆಲ್ಲಕ್ಕಿಂತ ಇಲ್ಲಿ ಸ್ವಲ್ಪ ನಿಂತು ನೋಡ್ಲಿ ಅಂತ ನನ್ನಾಸೆ. ಕೆಟ್ಟ ಬಹುಮಾನ ನಿಲ್ಲಿಸುವಾಗ ಅದನ್ನ ಪ್ರಾಮಾಣಿಕವಾಗಿ ಗೆದ್ದವನ ಹತ್ರ ಮೊದಲು ಹೋಗಿ ಕೂತು ಮಾತಾಡಬೇಕಿತ್ತು.

ಖಂಡೇನವಮಿ

ಮಾಲೀಕರ ಬಾಯಿ ತೆರೆಸೋದು ಎಲ್ಲಕ್ಕಿಂತ ಕಷ್ಟದ ಕೆಲಸ. ಅವರ ವಾದ, ಹೇಳಿದ್ರೆ ನಾಟಕ ಅನಿಸತ್ತೆ, ಅವರಿಗೂ ಮುಜುಗರ ನನಗೂ ಮುಜುಗರ. ಕುಮಾರ್ ಮತ್ತು ಎಪ್ಲಿ ಅನ್ನೋ ಇಬ್ಬರು ಸಂಶೋಧಕರು 2018ರಲ್ಲಿ ತೋರಿಸಿದ್ದು ಸರಿಯಾಗಿ ಈ ಹೆದರಿಕೆ ಬಗ್ಗೆನೇ: ಕೃತಜ್ಞತೆ ಪತ್ರ ಬರೆದವರು ಓದೋರಿಗೆ ಎಷ್ಟು ಮುಜುಗರ ಆಗಬಹುದು ಅನ್ನೋದನ್ನ ಹೆಚ್ಚಾಗಿ ಅಂದಾಜು ಮಾಡಿದ್ರು, ಎಷ್ಟು ಖುಷಿ ಆಗಬಹುದು ಅನ್ನೋದನ್ನ ಕಡಿಮೆಯಾಗಿ. ಇದನ್ನ ಹೇಳಿದ್ದಕ್ಕೆ ಮಾಲೀಕರು ಮನೆಯಲ್ಲಿ ಟ್ರಯಲ್ ಮಾಡಿದ್ರು, ಹೆಂಡತಿಗೆ "ಇವತ್ತಿನ ಡಬ್ಬಿಯಾಗ ಝುಣಕ ಛಲೋ ಆಗಿತ್ತು" ಅಂದ್ರಂತೆ. ಆ ತಾಯಿ ಒಲೆ ಮುಂದಿಂದ ತಿರುಗಿ "ಏನ್ ಬೇಕಾಗೇತ್ರಿ ಈಗ?" ಅಂದ್ರಂತೆ. ನಕ್ಕು ನಕ್ಕು ಹೇಳಿದ್ರು ನನಗೆ, ಆದ್ರೆ ಹುಡುಗರ ಶಾಬಾಶ್-ಓಟಿ ಜೋಕು ಅವರಿಗೆ ಪೂರ್ತಿ ಅರ್ಥ ಆಗಿದ್ದು ಆವತ್ತೇ ಅಂತ ಕಾಣತ್ತೆ.

ಖಂಡೇನವಮಿ ದಿನ ಮಷೀನುಗಳ ಪೂಜೆ ಆಯ್ತು, ಚೆಂಡು ಹೂವಿನ ಹಾರ, ಕಾಯಿ ಒಡೆದು ಪೇಢಾ ಹಂಚಿದ್ರು. ಎಲ್ಲರೂ ಹೊರಡೋ ಹೊತ್ತಿಗೆ ಮಾಲೀಕರು ಕಾಕಾನನ್ನ ಫಿಕ್ಸ್ಚರ್ ರ್‍ಯಾಕಿನ ಹತ್ರ ಕರೆದು ಮೆಲ್ಲಗೆ ಹೇಳಿದ್ರು: "ಕಾಕಾ, ಹೋದ ವರ್ಷ ಆ ಲೊಕೇಟರ್ ಪಿನ್ ನೀವು ನಮಗ ಹೇಳದ ಬದಲಿ ಮಾಡಿದ್ರಲ್ಲ, ಅದಾದ ಮ್ಯಾಲ ಆ ಪಾರ್ಟಿನಾಗ ಒಂದೂ ಕಂಪ್ಲೇಂಟ್ ಬಂದಿಲ್ಲ. ನಾ ನೋಡಿದ್ನಿ, ಹೇಳಿರಲಿಲ್ಲ."

ಕಾಕಾ ಕಣ್ಣೀರು ಹಾಕಲಿಲ್ಲ, ಕೈ ಮುಗಿಯಲಿಲ್ಲ. "ಅದರಾಗೇನೈತ್ರಿ, ಕೆಲಸ ಅದು" ಅಂದು ಒಂದು ಗಳಿಗೆ ನಿಂತು, "ಹಂಗಾರ ಆ ಏರ್ ಗೇಜ್ ತರಸ್ರಿ ಸಾಹೇಬ್ರ, ಮತ್ತ ಪೀಸ್ ತಣ್ಣಗಾಗಾಕ ಒಂದು ರ್‍ಯಾಕ್. ಎರಡ ವರ್ಷಾತು ಕೇಳಬೇಕಂತ" ಅಂದ್ರು. ಏರ್ ಗೇಜ್ ಅಂದ್ರೆ ಗಾಳಿ ಬಿಟ್ಟು ಬೋರ್ ಅಳೆಯೋ ಸಾಧನ.

ಮಾಲೀಕರು ಸಂಜೆ ನನಗೆ ಫೋನ್ ಮಾಡಿ ರೇಗಿದ್ರು, ನೋಡ್ರಿ ಹೊಗಳಿದ್ರ ಖರ್ಚ ಹಚ್ಚತಾರ ಅಂತ. ಎರಡು ವರ್ಷ ಮನಸ್ಸಿನಲ್ಲಿಟ್ಟುಕೊಂಡ ಮಾತನ್ನ ಆ ಮನುಷ್ಯ ಇವತ್ತು ಯಾಕೆ ಹೇಳಿದ್ರು ಅಂತ ಕೇಳಿದೆ. ಆ ಕಡೆಯಿಂದ ಉತ್ತರ ಬರಲಿಲ್ಲ. ನನ್ನ ಲೆಕ್ಕದಲ್ಲಿ ಅದೇ ತಿರುವು. ತನ್ನ ಕೆಲಸ ಯಾರೋ ನೋಡಿದ್ದಾರೆ ಅಂತ ಗೊತ್ತಾದ ಮೇಲೆ, ನೋಡೋರಿಗೆ ಹೇಳಿ ಪ್ರಯೋಜನ ಇದೆ ಅಂತ ಕಾಕಾನಿಗೆ ಅನಿಸಿರಬೇಕು. ದಿವಾಳಿ ಆದ ಮೇಲೆ ಏರ್ ಗೇಜೂ ಬಂತು, ರ್‍ಯಾಕೂ ಬಂತು.

ಆಮೇಲೆ ಏನಾಯ್ತು

ಬೋರ್ ಸಣ್ಣ ಅನ್ನೋ ಕಂಪ್ಲೇಂಟ್ ಮತ್ತೆ ಬಂದಿಲ್ಲ, ಒಳಗಿನ ರಿಜೆಕ್ಷನ್ನೂ ಚೆನ್ನಾಗಿ ಇಳಿದಿದೆ. ಇದರಲ್ಲಿ ರ್‍ಯಾಕಿನ ಮತ್ತು ಗೇಜಿನ ಪಾಲು ದೊಡ್ಡದು, ಎಲ್ಲ ಹೊಗಳಿಕೆಯಿಂದ ಆಯ್ತು ಅಂತ ಯಾರಾದ್ರೂ ಟ್ರೈನಿಂಗಿನಲ್ಲಿ ಹೇಳಿದ್ರೆ ನಂಬಬೇಡಿ. ಮಷೀನ್ ನಿಲ್ಲಿಸೋದು ಮಾತ್ರ ಮೊದಲ ತಿಂಗಳು ಹೆದರಿಕೆ ಆಗೋವಷ್ಟು ಹೆಚ್ಚಾಯ್ತು, ಪ್ರೊಡಕ್ಷನ್ ಇಳೀತು, ಮಾಲೀಕರು ಮತ್ತೆ ಟಾರ್ಗೆಟ್ ಬೋರ್ಡ್ ಹಾಕೋಣವಾ ಅಂತ ಕೇಳೋ ಮಟ್ಟಕ್ಕೆ ಬಂದಿದ್ರು. ಟೊಯೊಟಾದಲ್ಲಿ ಲೈನಿನಲ್ಲಿರೋ ಯಾವ ಕೆಲಸಗಾರ ಬೇಕಾದ್ರೂ ಹಗ್ಗ ಎಳೆದೋ ಬಟನ್ ಒತ್ತಿಯೋ ತೊಂದರೆ ಇದೆ ಅಂತ ಕರೆಯೋ ಆಂಡನ್ ಪದ್ಧತಿ ಇದೆ, ಅದರ ಬಗ್ಗೆ ಇಲ್ಲಿ ಎಲ್ಲರೂ ಮಾತಾಡ್ತಾರೆ, ಆದ್ರೆ ಹಗ್ಗ ಎಳೆದ ಮೊದಲ ಹತ್ತು ಸಲದಲ್ಲಿ ಆರು ಸಲ ಏನೂ ಇರಲ್ಲ, ಆ ಆರು ಸಲ ಮುಖ ಗಂಟು ಹಾಕದೇ ಬರೋದು ದೊಡ್ಡ ಕೆಲಸ. ಸೂಪರ್‌ವೈಸರ್ ಅದನ್ನ ನಿಧಾನಕ್ಕೆ ಕಲಿತ. ನಿಲ್ಲಿಸೋದು ತಾನಾಗೇ ಒಂದು ಹದಕ್ಕೆ ಬಂತು.

ಅಪ್ರೆಂಟಿಸ್ ಹುಡುಗ ಅವಧಿ ಮುಗಿಸಿ ಹೋದ. ಅದಕ್ಕೂ ಮುಂಚೆ ಕಾಕಾ ಅವನನ್ನ ಮತ್ತೆ ಪ್ರಶ್ನೆ ಕೇಳೋ ಹಾಗೆ ಮಾಡಿದ್ರು, ಹೇಗೆ ಅಂದ್ರೆ ತಾವೇ ಅವನ ಹತ್ರ ಹೋಗಿ ಮೊಬೈಲಿನಲ್ಲಿ ಡ್ರಾಯಿಂಗ್ ಹೇಗೆ ತೆರೆಯೋದು ಅಂತ ಕೇಳೋಕೆ ಶುರು ಮಾಡಿ. ಮೂರನೇ ಮಷೀನಿನ ಹುಡುಗ ಇದ್ದಾನೆ, ಕಾಕಾನ ಕೈಕೆಳಗೆ ಸೆಟ್ಟಿಂಗ್ ಕಲೀತಿದ್ದಾನೆ. ಕಾಕಾ ಈಗ ಇನ್ನೊಂದು ರೂಢಿ ಮಾಡಿಕೊಂಡಿದ್ದಾರೆ, ಇನ್ಸ್‌ಪೆಕ್ಷನ್ನಿನಲ್ಲಿ ಏನಾದ್ರೂ ಸಿಕ್ಕಿಬಿದ್ರೆ ಆ ಪೀಸನ್ನ ಕೈಯಲ್ಲಿ ಹಿಡಕೊಂಡು ಆಪರೇಟರ್ ಹತ್ರ ಬಂದು "ಅಕ್ಕಾರು ಹಿಡದ್ರಂತ ಉಳದ್ವಿ ನೋಡ, ಇಲ್ಲಂದ್ರ ಗಿರಾಕಿ ಹಿಡೀತಿದ್ದ" ಅಂತಾರೆ, ಅಕ್ಕಾರಿಗೂ ಕೇಳೋ ಹಾಗೆ ಸ್ವಲ್ಪ ಜೋರಾಗಿ. ಮ್ಯಾನೇಜರ್ ಹೇಳಿದ್ದಕ್ಕಿಂತ ಇದು ಹೆಚ್ಚು ಕೆಲಸ ಮಾಡಿದೆ, ಟೇಬಲ್ ಹತ್ರ ಮತ್ತೆ ಚಹಾ ಗ್ಲಾಸುಗಳು ಕಾಣ್ತಿವೆ.

ಈಗ ತಳೇಗಾಂವ್ ಕಡೆ ಎರಡನೇ ಯೂನಿಟ್ ತೆಗೀತಿದ್ದಾರೆ. ಅಲ್ಲಿ ಗೇಟಿನಲ್ಲಿ ಫೋಟೋ ಬೋರ್ಡ್ ಹಾಕಬೇಕೋ ಬೇಡವೋ ಅಂತ ಚರ್ಚೆ ನಡೀತಿದೆ. ಮ್ಯಾನೇಜರ್ ಬೇಡ ಅಂತಾನೆ, ಕಾಕಾನೂ ಬೇಡ. ಮಾಲೀಕರು ನಿರ್ಧಾರ ಮಾಡಿಲ್ಲ, ಯಾಕಂದ್ರೆ ಅಕ್ಕಾರು ಮೂವರೂ ಬೇಕೇ ಬೇಕು ಅಂತ ಕೂತಿದ್ದಾರೆ, ಹಿಂದಿನ ಬೋರ್ಡಿನಲ್ಲಿ ನಮ್ಮ ಫೋಟೋ ಒಮ್ಮಿನೂ ಬಂದಿಲ್ಲ, ಈ ಸಲ ಮೊದಲ ತಿಂಗಳು ನಮ್ಮದೇ ಬರಬೇಕು ಅಂತ.